ಒಪ್ಪಿಕೊಂಡ ಮೇಲೆ ಜನ ಏನು ಅಳೆಯುತ್ತಾರೆ: ಕ್ಲಿಂಟನ್, ಸ್ಯಾನ್‌ಫರ್ಡ್ ಪ್ರಕರಣಗಳ ಅಧ್ಯಯನ ಟಿಪ್ಪಣಿ

ವಿವಾಹೇತರ ಸಂಬಂಧ ಒಪ್ಪಿಕೊಂಡ ರಾಜಕಾರಣಿಯನ್ನು "ಜನ ಕ್ಷಮಿಸಿದರು" ಅಥವಾ "ಜನ ತಿರಸ್ಕರಿಸಿದರು" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಉತ್ತರ ಅಲ್ಲಿಗೇ ಕೆಡುತ್ತದೆ. ಜನರ ಮುಂದಿರುವುದು ಮೂರು ಬೇರೆ ಬೇರೆ ಪ್ರಶ್ನೆ: ಮಾಡಿದ್ದು ಸರಿಯೇ? ಈ ಮನುಷ್ಯನನ್ನು ನಂಬಬಹುದೇ? ಹುದ್ದೆಯಲ್ಲಿ ಉಳಿಯಬೇಕೇ? ಒಬ್ಬನೇ ಮತದಾರ ಮೊದಲೆರಡಕ್ಕೆ "ಇಲ್ಲ", ಮೂರನೆಯದಕ್ಕೆ "ಹೌದು" ಎನ್ನಬಲ್ಲ. ಅಮೆರಿಕದಲ್ಲಿ ಗ್ಯಾಲಪ್ ಸಮೀಕ್ಷಾ ಸಂಸ್ಥೆ 2001ರಿಂದ ಕೇಳುತ್ತ ಬಂದಿರುವ ಪ್ರಶ್ನೆಗೆ ಸುಮಾರು ಶೇ 90 ಜನ ವಿವಾಹೇತರ ಸಂಬಂಧ ನೈತಿಕವಾಗಿ ತಪ್ಪು ಎಂದೇ ಹೇಳುತ್ತಾರೆ. ಅಂದರೆ ಅಂಥ ನಾಯಕನಿಗೆ ಮತ ಹಾಕುವವರಲ್ಲೂ ಬಹುಪಾಲು ಜನ ಅದನ್ನು ಒಪ್ಪಿದವರಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಪ್ರಕರಣವನ್ನು ಚೆನ್ನಾಗಿ ಓದಿಕೊಂಡರೆ ಉಳಿದವು ಸುಲಭ. 1998ರ ಜನವರಿಯಲ್ಲಿ ಪ್ರಮಾಣ ಮಾಡಿ ನೀಡಿದ ಹೇಳಿಕೆಯಲ್ಲೂ, ಟಿ.ವಿ. ಕ್ಯಾಮೆರಾ ಮುಂದೆಯೂ ಅವರು ಶ್ವೇತಭವನದಲ್ಲಿ ಇಂಟರ್ನ್ ಆಗಿದ್ದ ಮೋನಿಕಾ ಲೆವಿನ್‌ಸ್ಕಿ ಜೊತೆಗಿನ ಸಂಬಂಧವನ್ನು ನಿರಾಕರಿಸಿದರು. ಒಪ್ಪಿಕೊಂಡದ್ದು ಆಗಸ್ಟ್ 17ರಂದು, ಮಹಾ ತೀರ್ಪುಗಾರರ ಮಂಡಳಿಯ (ಗ್ರ್ಯಾಂಡ್ ಜ್ಯೂರಿ, ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ತಂಡ) ಮುಂದೆ ಸಾಕ್ಷ್ಯ ನುಡಿದ ಅದೇ ರಾತ್ರಿ. ಸುಮಾರು ನಾಲ್ಕು ನಿಮಿಷದ ಭಾಷಣ. ಅದರ ರಚನೆಯನ್ನು ಗಮನಿಸಿ: ಮೊದಲು ಸಂಬಂಧ ಅನುಚಿತವಾಗಿತ್ತು ಎಂಬ ಒಪ್ಪಿಗೆ, ಹೆಂಡತಿಯನ್ನೂ ಸೇರಿಸಿ ಜನರನ್ನು ದಾರಿ ತಪ್ಪಿಸಿದೆ ಎಂಬ ಮಾತು, ಅದರ ಬೆನ್ನಿಗೇ ತನಿಖೆಯ ಬಗ್ಗೆ ದೂರು. ಟೀಕೆ ಬಂದದ್ದು ಈ ಕೊನೆಯ ಭಾಗಕ್ಕೆ. ತಪ್ಪೊಪ್ಪಿಗೆಯ ಜೊತೆ ದೂರು ಸೇರಿದರೆ ಕೇಳುವವರ ಕಿವಿಗೆ ಉಳಿಯುವುದು ದೂರೇ. ಸೆಪ್ಟೆಂಬರ್ 11ರ ಪ್ರಾರ್ಥನಾ ಸಭೆಯಲ್ಲಿ ಅವರು ಮತ್ತೆ, ಹೆಚ್ಚು ನೇರವಾಗಿ, ಕ್ಷಮೆ ಕೇಳಬೇಕಾಯಿತು.

ಇಷ್ಟಾದರೂ ಅಧ್ಯಕ್ಷರಾಗಿ ಅವರ ಕೆಲಸವನ್ನು ಮೆಚ್ಚುವವರ ಪ್ರಮಾಣ ಕುಸಿಯಲಿಲ್ಲ. ಡಿಸೆಂಬರ್ 19ರಂದು ಸಂಸತ್ತಿನ ಕೆಳಮನೆಯಾದ ಜನಪ್ರತಿನಿಧಿ ಸಭೆ ವಾಗ್ದಂಡನೆಗೆ (ಹುದ್ದೆಯಿಂದ ಇಳಿಸಲು ಆರೋಪ ಹೊರಿಸುವ ಕ್ರಮ) ಗುರಿಪಡಿಸಿದ ಹೊತ್ತಿಗೆ ಗ್ಯಾಲಪ್ ಅಂಕಿ ಶೇ 73. ಅವರ ಎಂಟು ವರ್ಷಗಳಲ್ಲೇ ಗರಿಷ್ಠ! ನಿರುದ್ಯೋಗ ಶೇ 4.5ರ ಆಸುಪಾಸಿಗೆ ಇಳಿದಿತ್ತು, 1969ರ ನಂತರ ಮೊದಲ ಬಾರಿಗೆ ಒಕ್ಕೂಟದ ಬಜೆಟ್‌ನಲ್ಲಿ ಉಳಿತಾಯ ಕಂಡಿತ್ತು. ಕೆಳಗಿಳಿಸಲು ಹೊರಟವರದ್ದು ಅತಿಯಾಯಿತು ಎಂಬ ಸಿಟ್ಟೂ ಇತ್ತು. ನವೆಂಬರ್ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಐದು ಸ್ಥಾನ ಹೆಚ್ಚಿಗೆ ಸಿಕ್ಕವು. ಮಧ್ಯಂತರ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷ ಆ ಸಭೆಯಲ್ಲಿ ಸ್ಥಾನ ಗಳಿಸಿದ್ದು 1934ರ ನಂತರ ಅದೇ ಮೊದಲು. 1999ರ ಫೆಬ್ರವರಿ 12ರಂದು ಮೇಲ್ಮನೆಯಾದ ಸೆನೆಟ್ ಖುಲಾಸೆ ಮಾಡಿತು. ಕೆಳಗಿಳಿಸಲು ಬೇಕಿದ್ದದ್ದು 67 ಮತ. ಒಂದು ಆರೋಪಕ್ಕೆ 45, ಇನ್ನೊಂದಕ್ಕೆ 50 ಬಿದ್ದವು.

ಇಲ್ಲಿ ಹೆಚ್ಚಿನವರು ಎಡವುವುದು ಶೇ 73 ಅನ್ನು ಮನುಷ್ಯನ ಮೇಲಿನ ಪ್ರೀತಿ ಎಂದು ಓದಿ. ಅದು ಕೆಲಸಕ್ಕೆ ಕೊಟ್ಟ ಅಂಕ. ಪ್ರಾಮಾಣಿಕತೆಯ ಪ್ರಶ್ನೆಯಲ್ಲಿ ಅವರ ಅಂಕಿ ಇದಕ್ಕಿಂತ ಬಹಳ ಕೆಳಗಿತ್ತು. ಯಾವುದೇ ಸಮೀಕ್ಷೆಯನ್ನು ಉಲ್ಲೇಖಿಸುವ ಮುನ್ನ ಪ್ರಶ್ನೆಯ ಪೂರ್ಣ ಪಾಠ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಎರಡನೆಯದು ಗೆಲುವನ್ನು ಕ್ಷಮೆ ಎಂದುಕೊಳ್ಳುವ ತಪ್ಪು. ಇದಕ್ಕೆ ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಆಗಿನ ಗವರ್ನರ್, ರಿಪಬ್ಲಿಕನ್ ಪಕ್ಷದ ಮಾರ್ಕ್ ಸ್ಯಾನ್‌ಫರ್ಡ್ ಉದಾಹರಣೆ. 2009ರ ಜೂನ್‌ನಲ್ಲಿ ಅವರು ಕೆಲವು ದಿನ ಎಲ್ಲಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಅಪಲೇಶಿಯನ್ ಕಾಡುದಾರಿಯಲ್ಲಿ ಚಾರಣಕ್ಕೆ ಹೋಗಿದ್ದಾರೆ ಎಂದಿತು ಕಚೇರಿ; ಇದ್ದದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಜೂನ್ 24ರಂದು ಪತ್ರಿಕಾಗೋಷ್ಠಿಯಲ್ಲಿ ಅಲ್ಲಿನ ಮಹಿಳೆಯೊಂದಿಗಿನ ಸಂಬಂಧವನ್ನು ಒಪ್ಪಿಕೊಂಡರು. ಜನರ ಕೋಪದಲ್ಲಿ ಸಂಬಂಧದ ಜೊತೆ ಇನ್ನೂ ಮೂರು ಸಂಗತಿ ಸೇರಿಕೊಂಡವು: ರಾಜ್ಯವನ್ನು ಬಿಟ್ಟು ಹೋದದ್ದು, ಸರ್ಕಾರಿ ಖರ್ಚಿನ ಪ್ರಯಾಣ, ಹಿಂದೆ ಜನಪ್ರತಿನಿಧಿ ಸಭೆಯ ಸದಸ್ಯರಾಗಿ ಕ್ಲಿಂಟನ್ ವಾಗ್ದಂಡನೆಗೆ ತಾವೇ ಮತ ಹಾಕಿದ್ದದ್ದು. ಪ್ರಯಾಣ ಮತ್ತು ಹಣದ ದುರ್ಬಳಕೆಯ ಆರೋಪಗಳಿಗೆ 74,000 ಡಾಲರ್ ದಂಡ ಕಟ್ಟಿದರು, ಆದರೆ ಅವಧಿ ಪೂರ್ತಿ ಮುಗಿಸಿದರು.

2013ರ ಮೇ 7ರ ಜನಪ್ರತಿನಿಧಿ ಸಭೆಯ ಉಪಚುನಾವಣೆಯಲ್ಲಿ ಸ್ಯಾನ್‌ಫರ್ಡ್ ಗೆದ್ದಾಗ "ಜನ ಮರೆತರು" ಎಂಬ ಮಾತು ಹಬ್ಬಿತು. ಲೆಕ್ಕ ನೋಡಿ. ಅವರಿಗೆ ಸಿಕ್ಕ ಮತ ಶೇ 54, ಎದುರಾಳಿಗೆ ಶೇ 45, ಅಂತರ 9. ಅದೇ ಕ್ಷೇತ್ರದಲ್ಲಿ ಆರು ತಿಂಗಳ ಹಿಂದೆ ಅದೇ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಮಿಟ್ ರಾಮ್ನಿಯ ಅಂತರ 18. ಅರ್ಧ ಅಂತರ ಕರಗಿತ್ತು. ಉಪಚುನಾವಣೆಯ ಬೇರೆ ಕಾರಣಗಳೂ ಅದರಲ್ಲಿ ಸೇರಿರುತ್ತವೆ, ಪೂರ್ತಿ ಹಗರಣದ ತಲೆಗೆ ಕಟ್ಟಬಾರದು. ಆದರೂ ಗೆಲುವಿನ ಪಕ್ಕದಲ್ಲಿ ಪಕ್ಷದ ಮಾಮೂಲಿ ಅಂತರವನ್ನು ಇಟ್ಟು ನೋಡದೆ ತೀರ್ಪು ಕೊಡಬೇಡಿ.

ಪಕ್ಷನಿಷ್ಠೆ ನೈತಿಕ ಮಾನದಂಡವನ್ನೇ ಬದಲಿಸಬಲ್ಲದು. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದವರು ಸಾರ್ವಜನಿಕ ಹೊಣೆಯನ್ನು ನೈತಿಕವಾಗಿ ನಿಭಾಯಿಸಬಲ್ಲರೇ ಎಂದು ಪಬ್ಲಿಕ್ ರಿಲಿಜನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕೇಳಿದಾಗ, 2011ರಲ್ಲಿ ಹೆಚ್ಚಾಗಿ ರಿಪಬ್ಲಿಕನ್ ಪಕ್ಷದ ಪರವಿರುವ, ಸಂಪ್ರದಾಯವಾದಿ ಕ್ರೈಸ್ತರಾದ ಬಿಳಿಯ ಇವಾಂಜೆಲಿಕಲ್ ಪ್ರಾಟೆಸ್ಟಂಟರಲ್ಲಿ ಶೇ 30 ಮಂದಿ ಹೌದೆಂದಿದ್ದರು. ಡೊನಾಲ್ಡ್ ಟ್ರಂಪ್ ಆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ 2016ರಲ್ಲಿ ಅದು ಶೇ 72. ಐದೇ ವರ್ಷದಲ್ಲಿ ಇಷ್ಟು ಜಿಗಿತ ಸಮೀಕ್ಷೆಗಳಲ್ಲಿ ಅಪರೂಪ. ಈ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ.

ಕಂತುಕಂತಾಗಿ ಬರುವ ಒಪ್ಪಿಗೆ ಎಲ್ಲಕ್ಕಿಂತ ಕೆಟ್ಟದ್ದು. ಅದೇ ವರ್ಷ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಗೆ ಸ್ಪರ್ಧಿಸಿದ್ದ ಮಾಜಿ ಸೆನೆಟರ್ ಜಾನ್ ಎಡ್ವರ್ಡ್ಸ್ 2008ರ ಆಗಸ್ಟ್‌ನಲ್ಲಿ ಸಂಬಂಧವನ್ನು ಒಪ್ಪಿ, ಮಗು ತನ್ನದಲ್ಲ ಎಂದರು. 2010ರ ಜನವರಿಯಲ್ಲಿ ಮಗುವೂ ತನ್ನದೇ ಎಂದರು. ಆಗ ಹೆಂಡತಿ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. ಸಂಬಂಧವನ್ನು ಮುಚ್ಚಿಡಲು ಚುನಾವಣಾ ದೇಣಿಗೆ ನಿಯಮ ಮುರಿದರೆಂಬ ಪ್ರಕರಣದಲ್ಲಿ, 2012ರಲ್ಲಿ ನ್ಯಾಯಾಲಯದಲ್ಲಿ ಒಂದು ಆರೋಪದಿಂದ ಖುಲಾಸೆಯಾಗಿ, ಉಳಿದವುಗಳ ಬಗ್ಗೆ ಜ್ಯೂರಿ ಒಮ್ಮತಕ್ಕೆ ಬರದೆ ಹೋದರೂ, ಅವರು ಚುನಾವಣಾ ಕಣಕ್ಕೆ ಮರಳಲಿಲ್ಲ.