ಸ್ವಿಚ್ ಹಾಕುವ ಮೊದಲಿನ ಎರಡು ನಿಮಿಷ

ಏಳನೇ ತರಗತಿ, ವಿದ್ಯುತ್ ಪಾಠ. ಪರದೆ ಮೇಲೆ ಒಂದು ಬ್ಯಾಟರಿ, ಒಂದು ಬಲ್ಬ್, ಕರೆಂಟ್ ಅಳೆಯುವ ಎರಡು ಅಮ್ಮೀಟರ್. ಒಂದು ಮೀಟರ್ ಬಲ್ಬಿಗಿಂತ ಮುಂಚೆ, ಇನ್ನೊಂದು ಬಲ್ಬ್ ದಾಟಿದ ಮೇಲೆ. ಸ್ವಿಚ್ ಇನ್ನೂ ಹಾಕಿಲ್ಲ. ‘ಮೊದಲನೇ ಮೀಟರ್ 0.5 ಆಂಪಿಯರ್ ತೋರಿಸುತ್ತೆ ಅಂತ ಇಟ್ಕೊಳ್ಳಿ. ಎರಡನೆಯದು ಎಷ್ಟು ತೋರಿಸುತ್ತೆ? ನೋಟ್‌ಬುಕ್‌ನಲ್ಲಿ ಬರೆಯಿರಿ. ಪೆನ್ನಿನಲ್ಲೇ ಬರೀಬೇಕು’ ಅಂದೆ.

ಪೆನ್ನು ಯಾಕೆ ಅಂದರೆ, ಪೆನ್ಸಿಲ್ ಆದರೆ ಉತ್ತರ ಕಂಡ ಕೂಡಲೇ ಮಕ್ಕಳು ಉಜ್ಜಿಬಿಡುತ್ತಾರೆ. ತಪ್ಪಾದ ಊಹೆಯೇ ನನಗೆ ಬೇಕಾಗಿರುವುದು.

ಬೆಂಚುಗಳ ನಡುವೆ ಓಡಾಡಿ ನೋಡಿದೆ. 0.3, 0.2, 0.4. ಒಬ್ಬ ಹುಡುಗ ಸೊನ್ನೆ ಬರೆದಿದ್ದ. ‘ಬಲ್ಬ್ ಉರಿಯೋಕೆ ಕರೆಂಟ್ ಖರ್ಚಾಗುತ್ತಲ್ವಾ ಮಿಸ್’ ಎಂದು ಅವನೇ ಕಾರಣವನ್ನೂ ಹೇಳಿದ. ಎಲ್ಲರೂ ಬರೆದಾದ ಮೇಲೆ ಸ್ವಿಚ್ ಹಾಕಿದೆ. ಎರಡೂ ಮೀಟರ್ 0.5.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಪರದೆ ಹತ್ತಿರವೇ ಬಂದು ಅಂಕಿ ನೋಡಿದಳು. ‘ಹಂಗಾದ್ರೆ ಬ್ಯಾಟರಿ ಯಾಕೆ ಮುಗಿದುಹೋಗುತ್ತೆ ಮಿಸ್?’ ಎಂದು ಕೇಳಿದಳು. ಆ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ. ಖರ್ಚಾಗುವುದು ಬ್ಯಾಟರಿಯೊಳಗಿನ ರಾಸಾಯನಿಕ ಶಕ್ತಿ. ಅದು ಬಲ್ಬಿನಲ್ಲಿ ಬೆಳಕೂ ಶಾಖವೂ ಆಗುತ್ತದೆ. ಕರೆಂಟ್ ಮಾತ್ರ ಎಷ್ಟು ಹೋಯಿತೋ ಅಷ್ಟೇ ವಾಪಸ್ ಬರುತ್ತದೆ. ಇದನ್ನು ಅಂದು ಮಕ್ಕಳೇ ಕೇಳಿ ತಿಳಿದುಕೊಂಡರು.

ಹಿಂದಿನ ವರ್ಷವೂ ಇದೇ ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ಪರದೆ ಮೇಲಿನ ಈ ಪ್ರಯೋಗ, ತೋರಿಸಿದ್ದೆ. ಆಗ ಊಹೆ ಕೇಳಿರಲಿಲ್ಲ. ‘ನೋಡಿ, ಎರಡೂ ಒಂದೇ’ ಎಂದು ತೋರಿಸಿದೆ. ಎಲ್ಲರೂ ತಲೆಯಾಡಿಸಿದರು. ಪರೀಕ್ಷೆಯಲ್ಲಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬಲ್ಬ್ ಕರೆಂಟನ್ನು ಬಳಸಿಕೊಳ್ಳುತ್ತದೆ ಎಂದೇ ಬರೆದಿದ್ದರು. ನನಗೆ ನಿಜವಾಗಿ ಬೇಜಾರಾಯಿತು. ಪರದೆ ಅದೇ, ಚಿತ್ರ ಅದೇ, ಪಾಠ ಮಾಡಿದವಳೂ ನಾನೇ. ಮಕ್ಕಳು ತಮ್ಮ ಮನಸ್ಸಿನಲ್ಲಿ ಏನಿದೆ ಎಂದು ಹೊರಗೆ ಇಡುವ ಮೊದಲೇ ನಾನು ಉತ್ತರ ತೋರಿಸಿಬಿಟ್ಟಿದ್ದೆ. ಹಳೆಯ ನಂಬಿಕೆ ಒಳಗೆ ಹಾಗೇ ಉಳಿಯಿತು.

ತರಗತಿಯ ತಂತ್ರಜ್ಞಾನದ ಬಗ್ಗೆ ನನ್ನ ಮುಖ್ಯ ಚಿಂತೆ ಇದೇ. ಅದು ಉತ್ತರವನ್ನು ಬಹಳ ಬೇಗ ತಂದುಕೊಡುತ್ತದೆ. ಮಗು ಯೋಚಿಸಲು ಬೇಕಾದ ಸಮಯ ಪ್ರಶ್ನೆಗೂ ಉತ್ತರಕ್ಕೂ ನಡುವೆಯೇ ಇರುತ್ತದೆ. ಅದನ್ನು ಕಾಪಾಡುವುದು ಟೀಚರ್ ಕೆಲಸ.

ಹಾಗೆ ನೋಡಿದರೆ ಈ ಅವಸರ ಕಂಪ್ಯೂಟರ್ ಜೊತೆ ಬಂದಿದ್ದೇನೂ ಅಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್! ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಮಾತಾಡಿದರು. 3 ಸೆಕೆಂಡ್ ಏನು ಮಹಾ ಅನ್ನಿಸಬಹುದು. ತರಗತಿ ಮುಂದೆ ಸುಮ್ನೆ ನಿಂತು ನೋಡಿ, ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ.

ಇದೇ ಕಾರಣಕ್ಕೆ ಕ್ವಿಜ್ ಆ್ಯಪ್‌ಗಳಲ್ಲಿ ಟೈಮರ್ ಆಫ್ ಮಾಡುತ್ತೇನೆ. ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಸಿಗುವ ಆಟದಲ್ಲಿ ನಿಧಾನವಾಗಿ ಯೋಚಿಸುವ ಮಗು ಎರಡನೇ ಪ್ರಶ್ನೆಗೇ ಕೈ ಚೆಲ್ಲುತ್ತದೆ.

ಅದಕ್ಕಿಂತ ನನಗೆ ಹಿಡಿಸಿದ್ದು ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ ವಿಧಾನ. ಒಂದು ಪ್ರಶ್ನೆ, ನಾಲ್ಕು ಆಯ್ಕೆ. ಮೊದಲು ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ ಆರಿಸಬೇಕು. ಸರಿ ಉತ್ತರ ಕೊಟ್ಟವರು ಸುಮಾರು ಶೇ. 30ರಿಂದ 70ರ ಒಳಗಿದ್ದರೆ ಟೀಚರ್ ಉತ್ತರ ಹೇಳುವುದಿಲ್ಲ. ಪಕ್ಕದವರ ಜೊತೆ ಚರ್ಚಿಸಿ ಮತ್ತೆ ಆರಿಸಿ ಎನ್ನುತ್ತಾರೆ. ಮಕ್ಕಳು ಒಬ್ಬರಿಗೊಬ್ಬರು ಒಪ್ಪಿಸಲು ನೋಡುವಾಗ ಬರುವ ಮಾತು ಕೇಳಬೇಕು, ನನ್ನ ವಿವರಣೆಗಿಂತ ಎಷ್ಟೋ ಸಲ ಅದೇ ಚೆನ್ನಾಗಿರುತ್ತದೆ. ಇದಕ್ಕೆ ಆ್ಯಪ್ ಇದ್ದರೂ ಆಯಿತು, ಆಯ್ಕೆಯ ಸಂಖ್ಯೆಯಷ್ಟು ಬೆರಳನ್ನು ಎದೆಯ ಹತ್ತಿರ ಹಿಡಿದು ತೋರಿಸಿದರೂ ಆಯಿತು.

ಹಾಗಂತ ಪರದೆ ಬೇಡ ಎಂದು ನಾನು ಹೇಳುವುದಿಲ್ಲ. ನಾನು ಬಳಸಿದ್ದು ಫೆಟ್ ಸಿಮ್ಯುಲೇಶನ್. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ, ಉಚಿತವಾಗಿ ಸಿಗುತ್ತದೆ. ತಂತಿಯೊಳಗೆ ಎಲೆಕ್ಟ್ರಾನ್ ಹರಿಯುವುದನ್ನು ಕಪ್ಪು ಹಲಗೆ ಮೇಲೆ ನಾನು ಎಷ್ಟೇ ಬರೆದರೂ ಹೀಗೆ ತೋರಿಸಲಾರೆ.

ಆದರೆ ಅಲ್ಲೂ ಒಂದು ಎಚ್ಚರ ಬೇಕು. ಒಂದು ಮಗು ನೋಟ್‌ಬುಕ್‌ನಲ್ಲಿ ‘ಎಲೆಕ್ಟ್ರಾನ್ ಬಣ್ಣ ನೀಲಿ’ ಎಂದು ಬರೆದಿತ್ತು. ಪರದೆ ಮೇಲೆ ನೀಲಿ ಗುಂಡು ಕಂಡಿದೆ, ಬರೆದಿದೆ. ಮಗುವಿನ ತಪ್ಪೇನಿಲ್ಲ. ಇನ್ನೊಬ್ಬಳು ಎಲೆಕ್ಟ್ರಾನ್ ಬಹಳ ಜೋರಾಗಿ ಓಡುತ್ತದೆ, ಅದಕ್ಕೇ ಬಲ್ಬ್ ತಕ್ಷಣ ಹೊತ್ತಿಕೊಳ್ಳುತ್ತದೆ ಅಂದಳು. ಇಂಥ ವಿದ್ಯುತ್ ಮಂಡಲದ ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನ್‌ಗಳು ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಮುಂದೆ ಸಾಗುವುದಿಲ್ಲ. ಸೈಕಲ್ ಚೈನ್ ನೆನಪಿಸಿಕೊಳ್ಳಿ ಅಂದೆ. ಪೆಡಲ್ ತುಳಿದ ಕೂಡಲೇ ಹಿಂದಿನ ಚಕ್ರ ತಿರುಗುತ್ತದೆ. ಮುಂದಿನ ಕೊಂಡಿ ಹಿಂದೆ ಹೋಗಿ ಮುಟ್ಟುವವರೆಗೆ ಕಾಯಬೇಕಿಲ್ಲ, ಚೈನ್ ಪೂರ್ತಿ ಒಟ್ಟಿಗೇ ಸರಿಯುತ್ತದೆ.

ಆಮೇಲೆ ಮೇಜಿನ ಮೇಲೆ ನಿಜವಾದ ಸೆಲ್, ತಂತಿ, ಬಲ್ಬ್ ಇಟ್ಟೆ. ಪರದೆಯಲ್ಲಿ ಎರಡು ತುದಿ ತಾಗಿಸಿದರೆ ಸಾಕು, ಬಲ್ಬ್ ಉರಿಯುತ್ತದೆ. ಮೇಜಿನ ಮೇಲೆ ಉರಿಯಲಿಲ್ಲ. ಸೊನ್ನೆ ಬರೆದಿದ್ದ ಹುಡುಗ ತಂತಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ತುದಿಯ ಪ್ಲಾಸ್ಟಿಕ್ ಸರಿಯಾಗಿ ಸುಲಿದಿರಲಿಲ್ಲ. ಉಗುರಿನಿಂದ ಕೆರೆದು ಮತ್ತೆ ತಾಗಿಸಿದ. ಬಲ್ಬ್ ಮಿಣುಕಿತು.

ಈಗ ಪಾಠದ ಟಿಪ್ಪಣಿಯಲ್ಲಿ ವಿಡಿಯೊ ಹೆಸರಿನ ಪಕ್ಕ ಅದನ್ನು ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿ ಏನು ಕೇಳಬೇಕು ಎಂದೂ ಬರೆದುಕೊಳ್ಳುತ್ತೇನೆ. ನಾಳಿನ ಪುಟದಲ್ಲಿರುವುದು ಇಷ್ಟು: ಸಮಾಂತರವಾಗಿ, ಅಂದರೆ ಒಂದೇ ಬ್ಯಾಟರಿಗೆ ಬೇರೆ ಬೇರೆ ದಾರಿಯಲ್ಲಿ, ಜೋಡಿಸಿದ ಎರಡು ಬಲ್ಬ್, ಒಂದನ್ನು ಬಿಚ್ಚಿದರೆ ಇನ್ನೊಂದಕ್ಕೆ ಏನಾಗುತ್ತದೆ? ಪೆನ್ನಿನಲ್ಲಿ ಬರೆಸಬೇಕು.