ಟೊಮೆಟೊ ದುಂಡಾಣು ಸೊರಗು ರೋಗ: 'ನಿರೋಧಕ ತಳಿ' ಅಂದ್ರೆ ನಿಜವಾಗಿ ಏನು?

ಗಿಡ ಹಸಿರಾಗಿದ್ದಂತೆಯೇ ಸಾಯುತ್ತದೆ. ಈ ರೋಗದ ಬಗ್ಗೆ ಮೊದಲು ನೆನಪಿಡಬೇಕಾದದ್ದು ಇದೇ. ಮಧ್ಯಾಹ್ನದ ಬಿಸಿಲಿಗೆ ತುದಿ ಎಲೆಗಳು ಜೋತು ಬೀಳುತ್ತವೆ, ಸಂಜೆ ತಂಪಿಗೆ ಮತ್ತೆ ಎದ್ದು ನಿಲ್ಲುತ್ತವೆ. ನೀರು ಕಡಿಮೆಯಾಗಿದೆ ಅಂತ ರೈತರು ಇನ್ನಷ್ಟು ನೀರು ಬಿಡುತ್ತಾರೆ. ಕೆಲವೇ ದಿನಕ್ಕೆ ಇಡೀ ಗಿಡ ಸೊರಗಿ ನಿಲ್ಲುತ್ತದೆ, ಆಮೇಲೆ ಏಳುವುದಿಲ್ಲ. ಎಲೆ ಹಳದಿಯಾಗಲು ಸಮಯವೇ ಸಿಗುವುದಿಲ್ಲ.

ಫ್ಯುಸೇರಿಯಂ ಸೊರಗು ರೋಗಕ್ಕೂ ಇದಕ್ಕೂ ವ್ಯತ್ಯಾಸ ಬರೆಯಿರಿ ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ, ಹೊಲದಲ್ಲೂ ಅದೇ ಪ್ರಶ್ನೆ ಎದುರಾಗುತ್ತದೆ. ಫ್ಯುಸೇರಿಯಂ ಶಿಲೀಂಧ್ರ, ಇಲ್ಲಿ ರೋಗ ತರುವುದು ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ಅದು ಬಂದರೆ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಎಷ್ಟೋ ಸಲ ಗಿಡದ ಒಂದೇ ಪಕ್ಕ ಬಾಡುತ್ತದೆ, ಎಲ್ಲವೂ ನಿಧಾನ. ಎರಡರಲ್ಲೂ ಕಾಂಡ ಸೀಳಿದರೆ ಒಳಗೆ ಕಂದು ಬಣ್ಣ ಕಾಣುವುದರಿಂದ ಬರೀ ಬಣ್ಣ ನೋಡಿ ಹೇಳಬೇಡಿ. ಗಾಜಿನ ಲೋಟದ ಪರೀಕ್ಷೆ ಮಾಡಿ. ಸೊರಗಿದ ಗಿಡದ ಕಾಂಡವನ್ನು ನೆಲದಿಂದ ಸ್ವಲ್ಪ ಮೇಲೆ ಚೊಕ್ಕವಾಗಿ ಕತ್ತರಿಸಿ, ಒಂದು ತುಂಡನ್ನು ತಿಳಿನೀರಿನ ಲೋಟದಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲ್ಲಾಡದ ಹಾಗೆ ಹಿಡಿಯಿರಿ. ಲೋಟದ ಹಿಂದೆ ಕಪ್ಪು ಬಟ್ಟೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೇರವಾಗಿ ಕೆಳಗೆ ಇಳಿಯಲು ಶುರುವಾಗುತ್ತದೆ. ಆ ಎಳೆಯೆಲ್ಲ ದುಂಡಾಣುಗಳೇ. ಫ್ಯುಸೇರಿಯಂ ಆಗಿದ್ದರೆ ನೀರು ತಿಳಿಯಾಗಿಯೇ ಇರುತ್ತದೆ.

ರೋಗಕಾರಕದ ಹೆಸರು ರಾಲ್ಸ್ಟೋನಿಯಾ ಸೊಲನೇಸಿಯರಂ. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಇದನ್ನು ವಿವರಿಸಿದರು. ಹಳೆಯ ಪುಸ್ತಕಗಳಲ್ಲಿ ಸ್ಯೂಡೋಮೊನಾಸ್ ಸೊಲನೇಸಿಯರಂ ಅಂತ ಇರುತ್ತದೆ, ಗಾಬರಿ ಬೇಡ, ಅದೇ ಇದು. ಈಗ ಇದನ್ನು ಒಂದೇ ಪ್ರಭೇದ ಅಂತಲೂ ಹೇಳುವುದಿಲ್ಲ. ಇದೊಂದು ದೊಡ್ಡ ಗುಂಪು, ಅದರಲ್ಲಿ ನಾಲ್ಕು ಫೈಲೋಟೈಪ್‌ಗಳಿವೆ, ಅಂದರೆ ವಂಶ ಸಂಬಂಧದ ಪ್ರಕಾರ ಮಾಡಿದ ಉಪಗುಂಪುಗಳು. ಏಷ್ಯಾದಲ್ಲಿ ಜಾಸ್ತಿ ಕಾಣುವುದು ಫೈಲೋಟೈಪ್ 1, ಅದನ್ನು 2014ರಿಂದ ರಾಲ್ಸ್ಟೋನಿಯಾ ಸ್ಯೂಡೋಸೊಲನೇಸಿಯರಂ ಅನ್ನುತ್ತಾರೆ. ಈ ಫೈಲೋಟೈಪ್ ವಿಷಯ ಒಣ ವರ್ಗೀಕರಣ ಅಂತ ಬಿಟ್ಟುಬಿಡಬೇಡಿ, ಮುಂದೆ ನಿರೋಧಕತೆಗೆ ಬಂದಾಗ ಬೇಕಾಗುತ್ತದೆ. ಇಡೀ ಗುಂಪನ್ನು ತೆಗೆದುಕೊಂಡರೆ 200ಕ್ಕೂ ಹೆಚ್ಚು ಸಸ್ಯಗಳ ಮೇಲೆ ಬರುತ್ತದೆ: ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ತಂಬಾಕು, ಬಾಳೆ. ಮಲೆನಾಡಿನ ಶುಂಠಿ ಬೆಳೆಗಾರರನ್ನು ಕಾಡುವ ಸೊರಗು ರೋಗವೂ ಇದೇ ಗುಂಪಿನದು.

ಇನ್ನು ಇದು ಒಳಗೆ ಹೋಗುವ ಬಗೆ. ದುಂಡಾಣು ಮಣ್ಣಿನಲ್ಲಿರುತ್ತದೆ. ಗಾಯ ಇದ್ದರೆ ಅದರ ಮೂಲಕ ನುಗ್ಗುತ್ತದೆ, ಗಾಯವೇ ಬೇಕು ಅಂತೇನಿಲ್ಲ, ಪಕ್ಕದ ಬೇರು ಒಡೆದು ಹೊರಬರುವ ಜಾಗದಲ್ಲಿರುವ ಸಣ್ಣ ಬಿರುಕೂ ಸಾಕು. ಬೇರುಗಂಟು ಜಂತುಹುಳು ಇರುವ ಹೊಲದಲ್ಲಿ ಇಂಥ ಬಾಗಿಲುಗಳು ಇನ್ನೂ ಜಾಸ್ತಿ. ಅಲ್ಲಿಂದ ನೀರು ಸಾಗಿಸುವ ಕ್ಸೈಲಂ ನಾಳಗಳಿಗೆ ಸೇರುತ್ತದೆ. ಇಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಬರುತ್ತದೆ. ಸಂಖ್ಯೆ ಕಡಿಮೆ ಇರುವಾಗ ಇವು ಈಜಾಡಿಕೊಂಡು ಹರಡುತ್ತವೆ, ಅಂಟು ತಯಾರಿಸುವುದಿಲ್ಲ. ಪ್ರತಿಯೊಂದೂ ಒಂದು ಬಗೆಯ ಸಂಕೇತದ ರಾಸಾಯನಿಕ ಬಿಡುತ್ತಿರುತ್ತದೆ. ಗುಂಪು ದಟ್ಟವಾದಾಗ ಆ ರಾಸಾಯನಿಕ ಒಂದು ಮಟ್ಟ ದಾಟುತ್ತದೆ, ಆಗ ಎಲ್ಲವೂ ಒಟ್ಟಿಗೆ ನಡವಳಿಕೆ ಬದಲಿಸಿ ಇಪಿಎಸ್ ಅನ್ನುವ ಅಂಟು ಸಕ್ಕರೆಯನ್ನು ಹೇರಳವಾಗಿ ತಯಾರಿಸುತ್ತವೆ. ಕೋರಂ ಸೆನ್ಸಿಂಗ್ ಅಂದರೆ ಇದೇ. ಸೊರಗಿದ ಗಿಡದ ಒಂದು ಮಿಲಿಲೀಟರ್ ಕ್ಸೈಲಂ ರಸದಲ್ಲಿ ಹತ್ತು ಕೋಟಿಗೂ ಹೆಚ್ಚು ದುಂಡಾಣು ಇರಬಹುದು, ಜೊತೆಗೆ ಈ ಅಂಟು ಬೇರೆ. ಪಾಚಿ ಕಟ್ಟಿದ ಡ್ರಿಪ್ ಪೈಪಿನ ಹಾಗೆ ನಾಳ ಮುಚ್ಚಿಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತಿದ್ದರೂ ಎಲೆಗೆ ತಲುಪುವುದಿಲ್ಲ. ಸೊರಗಿದ ಗಿಡಕ್ಕೆ ನೀರು ಬಿಟ್ಟರೆ ಉಪಯೋಗವಿಲ್ಲ ಅನ್ನುವುದು ಇದಕ್ಕೇ. ಉಪಯೋಗವಿಲ್ಲ ಅಷ್ಟೇ ಅಲ್ಲ, ಆ ನೀರು ಸಾಲಿನುದ್ದಕ್ಕೂ ದುಂಡಾಣು ಹೊತ್ತೊಯ್ಯುತ್ತದೆ.

ಇದಕ್ಕೆ 28ರಿಂದ 35 ಡಿಗ್ರಿ ಬಿಸಿ ಮತ್ತು ಒದ್ದೆಯಾದ ಹುಳಿ (ಆಮ್ಲೀಯ) ಮಣ್ಣು ಚೆನ್ನಾಗಿ ಒಗ್ಗುತ್ತದೆ. ಕರಾವಳಿ, ಕೇರಳ, ಗೋವಾದ ಹುಳಿ ಮಣ್ಣಿನಲ್ಲಿ ಟೊಮೆಟೊ ಬೆಳೆಯುವುದು ಯಾಕೆ ಅಷ್ಟು ಕಷ್ಟ ಅಂತ ಇದರಿಂದ ಸ್ವಲ್ಪ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ನಿರೋಧಕ ತಳಿ ಅಂದರೆ ದುಂಡಾಣು ಒಳಗೆ ಹೋಗದ ತಳಿ ಅಂತ ಬಹಳ ಜನ ಬರೆಯುತ್ತಾರೆ. ತಪ್ಪು. ನಿರೋಧಕ ಗಿಡದ ಬೇರಿನಲ್ಲಿ, ಕಾಂಡದ ಬುಡದಲ್ಲಿ ದುಂಡಾಣು ಇರುತ್ತದೆ. ಆದರೆ ಅಲ್ಲಿಂದ ಮುಂದೆ ಹರಡಲು ಗಿಡ ಬಿಡುವುದಿಲ್ಲ. ಪ್ರಪಂಚದಾದ್ಯಂತ ಉದಾಹರಣೆಗೆ ತೆಗೆದುಕೊಳ್ಳುವ ತಳಿ ಹವಾಯಿ 7996. ಇದರಲ್ಲಿ ದುಂಡಾಣುವನ್ನು ನಾಲ್ಕು ಕಡೆ ತಡೆಯಲಾಗುತ್ತದೆ ಅಂತ ತೋರಿಸಿದ್ದಾರೆ. ಬೇರಿನ ಒಳಗೆ ನುಗ್ಗುವಾಗ, ಕಾಂಡದಲ್ಲಿ ಮೇಲೆ ಏರುವಾಗ, ಒಂದು ನಾಳದಿಂದ ಪಕ್ಕದ ನಾಳಕ್ಕೆ ದಾಟುವಾಗ, ನಾಳದಿಂದ ಸುತ್ತಲಿನ ಅಂಗಾಂಶಕ್ಕೆ ಹರಡುವಾಗ. ಸೋಂಕು ತಗುಲಿದಾಗ ಈ ಗಿಡ ನಾಳಗಳ ಗೋಡೆಗೆ ಲಿಗ್ನಿನ್‌ನಂಥ ವಸ್ತುಗಳನ್ನೂ ಸುಬೆರಿನ್ ಅನ್ನೂ ಸೇರಿಸಿ ಗಟ್ಟಿ ಮಾಡಿಕೊಳ್ಳುತ್ತದೆ. ರೋಗಕ್ಕೆ ಬಲಿಯಾಗುವ ತಳಿ ಹೀಗೆ ಮಾಡಿಕೊಳ್ಳುವುದಿಲ್ಲ.

ಇಷ್ಟು ಕೆಲಸ ಒಂದೇ ಜೀನ್‌ನಿಂದ ಆಗುವುದಿಲ್ಲ, ಅಲ್ವಾ? ಆದ್ದರಿಂದಲೇ ಈ ನಿರೋಧಕತೆ ಪಾಲಿಜೆನಿಕ್, ಅಂದರೆ ಹಲವು ಜೀನ್‌ಗಳು ಸೇರಿ ಕೊಡುವಂಥದ್ದು. ಹವಾಯಿ 7996ಕ್ಕೂ ಡಬ್ಲ್ಯುವಿಎ 700 ಅನ್ನುವ ಸಣ್ಣ ಹಣ್ಣಿನ ಕಾಡು ಬಂಧುವಿಗೂ ಸಂಕರ ಮಾಡಿ ಹುಡುಕಿದಾಗ ಎರಡು ದೊಡ್ಡ ಕ್ಯೂಟಿಎಲ್‌ಗಳು, ಅಂದರೆ ಈ ಗುಣದ ಮೇಲೆ ಪ್ರಭಾವ ಬೀರುವ ಕ್ರೋಮೋಸೋಮಿನ ಭಾಗಗಳು, ಸಿಕ್ಕವು. 12ನೇ ಕ್ರೋಮೋಸೋಮಿನಲ್ಲಿ ಬಿಡಬ್ಲ್ಯುಆರ್-12, 6ನೆಯದರಲ್ಲಿ ಬಿಡಬ್ಲ್ಯುಆರ್-6. ಮೊದಲನೆಯದು ಮುಖ್ಯವಾಗಿ ಫೈಲೋಟೈಪ್ 1ರ ವಿರುದ್ಧ ಕೆಲಸ ಮಾಡುತ್ತದೆ, ಎರಡನೆಯದರ ವ್ಯಾಪ್ತಿ ಅದಕ್ಕಿಂತ ದೊಡ್ಡದು. ಫೈಲೋಟೈಪ್ ಬಿಡಬೇಡಿ ಅಂದಿದ್ದು ಇದಕ್ಕೇ: ಒಂದು ಊರಿನಲ್ಲಿ ಗಟ್ಟಿಯಾಗಿ ನಿಂತ ತಳಿ ಇನ್ನೊಂದು ಕಡೆ ಸೊರಗಿದರೆ ಬೀಜ ಕೆಟ್ಟದ್ದು ಅಂತಲೇ ಅರ್ಥವಲ್ಲ, ಅಲ್ಲಿಯ ದುಂಡಾಣು ಬೇರೆ ಇರಬಹುದು. ಮಣ್ಣು ತೀರಾ ಬಿಸಿಯಾದರೂ, ಜಂತುಹುಳು ಹೆಚ್ಚಾದರೂ ನಿರೋಧಕತೆ ಸಡಿಲವಾಗುತ್ತದೆ.

ತಳಿ ವಿಜ್ಞಾನಿಗಳಿಗೆ ಇನ್ನೊಂದು ತಲೆನೋವು ಇತ್ತು. ನಿರೋಧಕತೆ ತಂದಾಗೆಲ್ಲ ಹಣ್ಣು ಸಣ್ಣದಾಗುತ್ತಿತ್ತು. ಸಣ್ಣ ಹಣ್ಣು ಹಿಡಿದುಕೊಂಡು ಕೋಲಾರದ ಎಪಿಎಂಸಿಗೆ ಹೋದರೆ ಬೆಲೆ ಎಲ್ಲಿ ಸಿಗಬೇಕು? ಇದನ್ನು ದಾಟಲು ದಶಕಗಳ ಕೆಲಸ ಬೇಕಾಯಿತು. ಕೇರಳ ಕೃಷಿ ವಿಶ್ವವಿದ್ಯಾಲಯ ಶಕ್ತಿ, ಮುಕ್ತಿ, ಅನಘ ತಳಿಗಳನ್ನು ಕೊಟ್ಟಿತು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ (ಐಐಎಚ್‌ಆರ್) ಅರ್ಕಾ ಆಭಾ, ಅರ್ಕಾ ಆಲೋಕ್ ಬಂದವು. ಆಮೇಲೆ ಬರೀ ಸೊರಗು ರೋಗ ತಡೆದರೆ ಸಾಲದು, ಎಲೆ ಮುದುರು ನಂಜು ರೋಗವೂ ಹೊಲ ಖಾಲಿ ಮಾಡುತ್ತಿದೆ ಅನ್ನುವುದು ಸ್ಪಷ್ಟವಾಯಿತು. ಎ.ಟಿ. ಸದಾಶಿವ ಮತ್ತು ಜೊತೆಗಾರರು ರೂಪಿಸಿದ ಅರ್ಕಾ ರಕ್ಷಕ್ ಹೈಬ್ರಿಡ್ ಎಲೆ ಮುದುರು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುತ್ತದೆ, ಹಣ್ಣೂ 90ರಿಂದ 100 ಗ್ರಾಂ ತೂಗುತ್ತದೆ. ಸಣ್ಣ ಹಣ್ಣಿನ ಕಾಲದಿಂದ ಇಲ್ಲಿಗೆ ಬಂದದ್ದು ನನ್ನ ಪ್ರಕಾರ ನಮ್ಮ ತೋಟಗಾರಿಕೆ ಸಂಶೋಧನೆಯ ದೊಡ್ಡ ಸಾಧನೆಗಳಲ್ಲಿ ಒಂದು.

ನಿರ್ವಹಣೆ ಚುಟುಕಾಗಿ ಹೇಳುತ್ತೇನೆ. ಕ್ಸೈಲಂ ಒಳಗೆ ಕೂತ ದುಂಡಾಣುವನ್ನು ಎಲೆಗೆ ಔಷಧಿ ಹೊಡೆದು ಕೊಲ್ಲಲು ಆಗುವುದಿಲ್ಲ, ಸುಮ್ನೆ ದುಡ್ಡು ದಂಡ. ಟೊಮೆಟೊ ಆದಮೇಲೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬಾರದು, ರಾಗಿ, ಜೋಳ, ಭತ್ತ ಹಾಕಬೇಕು. ಬೆಳೆ ಬದಲಿಸಿಯೂ ಬದುವಿನಲ್ಲಿ ಗಣಿಕೆ ಸೊಪ್ಪಿನ ಗಿಡ ಬಿಟ್ಟರೆ ದುಂಡಾಣು ಅದರ ಬೇರಿನಲ್ಲಿ ಉಳಿದುಕೊಳ್ಳುತ್ತದೆ. ಹುಳಿ ಮಣ್ಣಿಗೆ ಸುಣ್ಣ ಕೊಡಬೇಕು. ಸೊರಗಿದ ಗಿಡವನ್ನು ಬೇರು ಸಮೇತ ಕಿತ್ತು ಹೊಲದಿಂದ ಆಚೆ ಸಾಗಿಸಿ ಸುಡಬೇಕು.

ಕಸಿ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ, ಯಾಕೆಂದರೆ ಪಠ್ಯದಲ್ಲಿ ಇದಕ್ಕೆ ಒಂದು ಸಾಲೂ ಸರಿಯಾಗಿ ಇರುವುದಿಲ್ಲ. ಮಾರುಕಟ್ಟೆಗೆ ಬೇಕಾದ ಟೊಮೆಟೊವನ್ನು ನಿರೋಧಕ ಬೇರುಸಸಿಯ ಮೇಲೆ ಕಟ್ಟಿದರೆ ಹಣ್ಣಿನ ಗಾತ್ರದ ಸಮಸ್ಯೆಯೇ ಬರುವುದಿಲ್ಲ. ತೈವಾನ್‌ನ ವಿಶ್ವ ತರಕಾರಿ ಕೇಂದ್ರ ಇದಕ್ಕೆ ಹವಾಯಿ 7996 ಟೊಮೆಟೊವನ್ನೂ ಇಜಿ 203 ಅನ್ನುವ ಬದನೆಯನ್ನೂ ಬಳಸಲು ಹೇಳುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗಕ್ಕೆ ಬದನೆ ಬೇರೇ ವಾಸಿ, ಅದು ನೀರನ್ನು ಟೊಮೆಟೊಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನಾಟಿ ಮಾಡುವಾಗ ಕಸಿ ಕಟ್ಟಿದ ಗಂಟು ಮಣ್ಣಿನಿಂದ ಮೇಲೆಯೇ ಇರಬೇಕು. ಟೊಮೆಟೊ ಕಾಂಡ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಡುತ್ತದೆ, ದುಂಡಾಣು ಆ ಬೇರಿನ ಮೂಲಕ ನೇರವಾಗಿ ಮೇಲಿನ ಗಿಡಕ್ಕೆ ಹೋಗುತ್ತದೆ, ಕೆಳಗಿನ ನಿರೋಧಕ ಬೇರು ಇದ್ದೂ ಇಲ್ಲದಂತಾಗುತ್ತದೆ.