ಕಡಲಪಾಚಿಗೆ ಆಂಟಿಆಕ್ಸಿಡೆಂಟ್ ಯಾಕೆ ಬೇಕು?

ಇಳಿತದ ಹೊತ್ತಿಗೆ ನೀರು ಹಿಂದೆ ಸರಿಯುತ್ತದೆ. ಬಂಡೆಗೆ ಅಂಟಿಕೊಂಡ ಕಡಲಪಾಚಿ ಗಂಟೆಗಟ್ಟಲೆ ಬಿಸಿಲು, ಗಾಳಿಗೆ ಮೈಯೊಡ್ಡಿ ಒಣಗತೊಡಗುತ್ತದೆ. ನೆರಳು ಹುಡುಕಿಕೊಂಡು ಹೋಗಲು ಅದಕ್ಕೆ ಆಗುವುದಿಲ್ಲ ಅಲ್ವಾ? ಅರಗಿಸಿಕೊಳ್ಳಲಾಗದಷ್ಟು ಬೆಳಕು ಬಿದ್ದಾಗ ಅದರ ಜೀವಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಪುಂಡ ವಸ್ತುಗಳು ಹೆಚ್ಚುತ್ತವೆ. ಕೊಬ್ಬು, ಪ್ರೋಟೀನ್, ಡಿಎನ್ಎ ಯಾವುದನ್ನೂ ಅವು ಬಿಡುವುದಿಲ್ಲ. ಈ ಪುಂಡಾಟಕ್ಕೆ ತಡೆ ಹಾಕುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ಕಡಲ ಜೀವಿಗಳು ಇವನ್ನು ತಯಾರಿಸುವುದು ತಮ್ಮ ಉಳಿವಿಗಾಗಿ. ಅವುಗಳ ಕಷ್ಟ ಏನೆಂದು ತಿಳಿದರೆ ಮದ್ದೂ ಅರ್ಥವಾಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಕೆಲ್ಪ್ ಎಂಬ ಕಂದು ಪಾಚಿಯ ಉಪಾಯ. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕುರ್ತ್ವಾ ಮದ್ದಿನಪುಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದರು. ಕಡಲಪಾಚಿಯ ಬೂದಿಯಿಂದ ಬಂದ ದ್ರಾವಣಕ್ಕೆ ಗಂಧಕಾಮ್ಲ ಜಾಸ್ತಿ ಬಿದ್ದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಅಯೋಡಿನ್ ಸಿಕ್ಕಿದ್ದು ಹಾಗೆ. ಕೆಲವು ಕೆಲ್ಪ್‌ಗಳು ಸಮುದ್ರದ ನೀರಿನಲ್ಲಿ ಇರುವುದಕ್ಕಿಂತ 30,000 ಪಟ್ಟಿನವರೆಗೂ ಅಯೋಡಿನ್ ಕೂಡಿಡುತ್ತವೆ. ಯಾಕೆ ಕೂಡಿಡುತ್ತವೆ ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 2008ರಲ್ಲಿ. ಲ್ಯಾಮಿನೇರಿಯಾ ಡಿಜಿಟೇಟಾ ಎಂಬ ಕೆಲ್ಪ್ ಅಯೋಡೈಡನ್ನೇ (ವಿದ್ಯುದಂಶ ಹೊತ್ತ ಅಯೋಡಿನ್ ಪರಮಾಣು, ಅಂದರೆ ಅಯಾನು) ಆಂಟಿಆಕ್ಸಿಡೆಂಟ್ ಆಗಿ ಬಳಸುತ್ತದೆ ಎಂದು ಸಂಶೋಧಕರು ತೋರಿಸಿದರು. ವಿಟಮಿನ್ ಸಿ ಥರದ ದೊಡ್ಡ ಅಣು ಬೇಕಾಗಿಲ್ಲ, ಸರಳವಾದ ಒಂದು ಅಯಾನು ಸಾಕು! ಇಳಿತದಲ್ಲಿ ಒಣಗುವಾಗ ಕೆಲ್ಪ್ ಅದನ್ನು ಮೈಮೇಲೆ ಹೊರಬಿಡುತ್ತದೆ. ಅದು ಗಾಳಿಯ ಓಜೋನಿನ ಜೊತೆ ಸೇರಿದಾಗ ಓಜೋನ್ ನಾಶವಾಗುತ್ತದೆ, ಅಯೋಡಿನ್ ಅನಿಲವಾಗಿ ಮೇಲೇಳುತ್ತದೆ. ಆ ಅನಿಲದಿಂದ ಗಾಳಿಯಲ್ಲಿ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಮೋಡದ ಹನಿಗಳು ಕಟ್ಟಿಕೊಳ್ಳಲು ಅಂಥ ಕಣಗಳು ಆಸರೆಯಾಗಬಲ್ಲವು. ಪಾಚಿಯೊಂದು ತನ್ನ ಮೈ ಕಾಯ್ದುಕೊಳ್ಳುವ ಕೆಲಸ ಆಕಾಶದವರೆಗೂ ಹೋಗುತ್ತದೆ ಅಂದರೆ ಖುಷಿಯಾಗದೆ ಇರುತ್ತದಾ?

ಸೀ ಅರ್ಚಿನ್ ಎಂಬ ಮುಳ್ಳು ಮೈಯ ಜೀವಿಯ ಕಷ್ಟವೇ ಬೇರೆ. ಅದರ ಮೊಟ್ಟೆ ಫಲವಾದ ಕೂಡಲೇ ಸಿಕ್ಕಾಪಟ್ಟೆ ಆಮ್ಲಜನಕ ಎಳೆದುಕೊಳ್ಳುತ್ತದೆ ಎಂದು 1908ರಲ್ಲೇ ಜರ್ಮನಿಯ ವಿಜ್ಞಾನಿ ಓಟ್ಟೊ ವಾರ್‌ಬರ್ಗ್ ಕಂಡುಕೊಂಡಿದ್ದರು. ಮೊಟ್ಟೆ ಬೇಕೆಂದೇ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಿ, ಅದರಿಂದ ತನ್ನ ಹೊರಪೊರೆಯನ್ನು ಗಟ್ಟಿ ಮಾಡಿಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು. ಆ ವಿಷ ತನ್ನನ್ನೇ ಸುಡದಂತೆ ಒಳಗೆ ಓವೋಥಯಾಲ್ ಎಂಬ ಗಂಧಕ ಇರುವ ಆಂಟಿಆಕ್ಸಿಡೆಂಟನ್ನು ಮೊದಲೇ ತುಂಬಿಟ್ಟುಕೊಂಡಿರುತ್ತದೆ.

ಸಿಗಡಿ, ಸಾಲ್ಮನ್ ಮೀನುಗಳ ಕೆಂಪು ಬಣ್ಣಕ್ಕೆ ಕಾರಣವಾದ ಅಸ್ಟಾಕ್ಸಾಂಥಿನ್ ಕೂಡ ಆಂಟಿಆಕ್ಸಿಡೆಂಟೇ. ಇದರ ಮೂಲ ಹೆಚ್ಚಾಗಿ ಸೂಕ್ಷ್ಮ ಪಾಚಿಗಳು. ಪಾಚಿ ತಿಂದವರಿಂದ ಅವರನ್ನು ತಿಂದವರಿಗೆ ದಾಟುತ್ತಾ ಹೋಗುತ್ತದೆ.

ಈಗ ಇವುಗಳಲ್ಲಿ ಕೆಲವು ಮಾತ್ರೆಗಳಾಗಿಯೂ ಸಿಗುತ್ತವೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಗಾಜಿನ ನಳಿಕೆಯಲ್ಲಿ ಗೆದ್ದದ್ದು ದೇಹದಲ್ಲೂ ಗೆಲ್ಲುತ್ತದೆ ಎಂದು ಸುಮ್ನೆ ನಂಬುವುದು ಅಪಾಯ. ಕೆಲ್ಪನ್ನು ಕಾಯುವ ಅಯೋಡಿನ್ ಅತಿಯಾದರೆ ನಮ್ಮ ಥೈರಾಯ್ಡ್ ಕೆಡಬಹುದು. ಇನ್ನು ಅಸ್ಟಾಕ್ಸಾಂಥಿನ್‌ನ ಹತ್ತಿರದ ಬಂಧು ಬೀಟಾ ಕ್ಯಾರೋಟಿನ್. ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೇನೋ ಎಂದು ಫಿನ್ಲೆಂಡಿನಲ್ಲಿ ಅದರ ಮಾತ್ರೆಯನ್ನು ಧೂಮಪಾನಿ ಗಂಡಸರ ಮೇಲೆ ಪರೀಕ್ಷಿಸಿದರು. ಒಟ್ಟು 29,000ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. 1994ರಲ್ಲಿ ಫಲಿತಾಂಶ ಬಂತು: ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಆ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು.